ಒಂದನೇ ನಂಬರಿನ ಕಂಪನಿ

ಗದಗಿನ ಕಡೆಯ ಒಂದು ಪೇಟೆಯಲ್ಲಿ ಮುರಿಗೆಪ್ಪನೆಂಬ ಕಬ್ಬಿಣದ ವ್ಯಾಪಾರಿಯಿದ್ದ. ಶ್ರೀಮಂತ. ಸಿರಿಗೆ ಕೊರತೆಯಿರಲಿಲ್ಲ; ಬುದ್ಧಿಗೆ ಕೊರತೆಯಿತ್ತೋ ಇಲ್ಲವೋ, ಕೇಳಿ ನೀವೇ ಹೇಳಿ. ಒಬ್ಬಳೇ ಮಗಳು, ನೀಲಾಂಬಿಕಾ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಹೈದರಾಬಾದಿನ ಔಷಧ ಕಂಪನಿಯೊಂದರಲ್ಲಿ ನೌಕರಿಗೆ ಸೇರಿದಳು. ಮಕ್ಕಳ ಕೆಮ್ಮಿನ ಔಷಧವನ್ನು ಪರೀಕ್ಷಿಸಿ, ಸರಿಯಿದೆ ಎಂದು ಸಹಿ ಹಾಕುವುದು ಅವಳ ಕೆಲಸ.

ಆ ವರ್ಷ ಪತ್ರಿಕೆಯೊಂದು, ಪದವೀಧರರು ಸೇರಬೇಕಾದ ಅತ್ಯುತ್ತಮ ಕಂಪನಿಗಳ ಪಟ್ಟಿ ಹಾಕಿತು. ಮೊದಲ ಹೆಸರೇ ಮಗಳ ಕಂಪನಿಯದು! ಮುರಿಗೆಪ್ಪ ಓಣಿಗೆಲ್ಲ ಪೇಢೆ ಹಂಚಿದ. ಪತ್ರಿಕೆಯ ತುಣುಕಿಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ದೇವರ ಫೋಟೋದ ಪಕ್ಕ ತೂಗುಹಾಕಿದ. ಊದಿನಕಡ್ಡಿ ಇಬ್ಬರಿಗೂ ಸಮ.

ನೋಡಿ, ಆ ಪಟ್ಟಿ ಮಾಡಿದವರು ಯಾರನ್ನು ಕೇಳಿದ್ದರು? ಇನ್ನೂ ಕಾಲೇಜಿನಲ್ಲಿ ಓದುತ್ತಿರುವವರನ್ನು. ಅಲ್ಲಿ ಒಂದು ದಿನವೂ ದುಡಿಯದವರನ್ನು. ಮದುವೆಯಾಗದ ಹುಡುಗಿಯರನ್ನು ಕೂರಿಸಿಕೊಂಡು, ಊರಲ್ಲಿ ಒಳ್ಳೆಯ ಅತ್ತೆ ಯಾರವ್ವಾ ಎಂದು ಕೇಳಿ ಬರೆದುಕೊಂಡ ಹಾಗೆ! ಅದನ್ನೇ ವೇದವಾಕ್ಯವೆಂದು ನಂಬಿದ ಈ ಜಾಣ.

ಕೆಲವು ತಿಂಗಳ ನಂತರ ಮಗಳು ಫೋನು ಮಾಡಿ ಅತ್ತಳು. ಮೇಲಧಿಕಾರಿ, ಪರೀಕ್ಷೆಯನ್ನೇ ಮಾಡದ ಔಷಧಕ್ಕೆ ಸಹಿ ಹಾಕೆನ್ನುತ್ತಾನೆ; ಒಲ್ಲೆನೆಂದರೆ ಎಲ್ಲರೆದುರು ಬೈಯುತ್ತಾನೆ; ಅನ್ನ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಊರಿಗೆ ಬಂದುಬಿಡಲೇ ಎಂದು ಕೇಳಿದಳು. ಅಪ್ಪ ಏನೆಂದ ಗೊತ್ತೇ?

"ಒಂದನೇ ನಂಬರಿನ ಕಂಪನಿ ಅದು. ಅಲ್ಲಿ ಬೈಸಿಕೊಳ್ಳಾಕೂ ಪುಣ್ಯ ಮಾಡಿರಬೇಕವ್ವಾ. ಸುಮ್ನ ಸಹಿ ಹಾಕು."

ಪುಣ್ಯವಂತೆ! ಕೂಸುಗಳ ಬಾಯಿಗೆ ಬೀಳುವ ಔಷಧಕ್ಕೆ ಕಣ್ಣುಮುಚ್ಚಿ ಸಹಿ ಹಾಕುವುದು ಪುಣ್ಯವಂತೆ!

ಹುಡುಗಿ ಸಹಿ ಹಾಕಲಿಲ್ಲ. ತಾನೇ ನಿಂತು ಆ ಔಷಧವನ್ನು ಪರೀಕ್ಷಿಸಿದಳು. ಅದರಲ್ಲಿ ಇರಬಾರದ್ದು ಇತ್ತು. ಮೇಲಧಿಕಾರಿಯನ್ನು ದಾಟಿ ಕಂಪನಿಯ ಯಜಮಾನರ ಬಾಗಿಲಿಗೇ ಹೋಗಿ, ಕಂಡದ್ದನ್ನು ಕಂಡಹಾಗೆ ಹೇಳಿದಳು. ಯಜಮಾನರು ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಅವಳ ಮಾತು ನಿಜವೆಂದಾಯಿತು. ಆ ಮೇಲಧಿಕಾರಿಯ ಕಾಲದಲ್ಲಿ ಅಂಗಡಿಗಳಿಗೆ ಹೋಗಿದ್ದ ಔಷಧವನ್ನೆಲ್ಲ ವಾಪಸು ತರಿಸಿದರು, ಅವನನ್ನು ಮನೆಗೆ ಕಳಿಸಿದರು. ಹೈದರಾಬಾದಿನಲ್ಲೆಲ್ಲ ಸುದ್ದಿಯಾಯಿತು. ಕಂಪನಿಯ ಹೆಸರು ಕೆಟ್ಟಿತು. ನೀಲಾಂಬಿಕಾ ಮಾತ್ರ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು.

ಮರುವರ್ಷದ ಪಟ್ಟಿ ಬಂತು. ಕಂಪನಿ ಮೂವತ್ತೊಂದನೆಯ ಸ್ಥಾನಕ್ಕೆ ಬಿದ್ದಿತ್ತು. ಸುಳ್ಳು ಹೇಳುತ್ತಿದ್ದಾಗ ಒಂದನೆಯದು, ಸತ್ಯ ಒಪ್ಪಿಕೊಂಡಾಗ ಮೂವತ್ತೊಂದನೆಯದು. ಭಲೇ ತಕ್ಕಡಿ!

ಮಗಳು ಅತ್ತಾಗ ಅಂಗಡಿಯಿಂದ ಏಳದ ಮುರಿಗೆಪ್ಪ, ಈಗ ಬಸ್ಸು ಹತ್ತಿ ಹೈದರಾಬಾದಿಗೆ ಓಡಿದ. ಮೊದಲು ನೌಕರಿ ಬಿಡು, ಬೀಗರಾಗುವವರು ಕೇಳಿದರೆ ಯಾವ ಮುಖದಿಂದ ಹೇಳಲಿ, ಇಷ್ಟು ಕೆಳಗೆ ಬಿದ್ದ ಕಂಪನಿಯಲ್ಲಿ ನೀನೇಕೆ ಇರಬೇಕು ಎಂದು ಕೂಗಾಡಿದ.

ಮಗಳು ನೀರು ಕೊಟ್ಟಳು. ಅವನು ಕುಡಿಯುವವರೆಗೆ ಕಾದಳು.

"ಅಪ್ಪಾ, ಅದನ್ನ ಕೆಳಗ ಇಳಿಸಿದಾಕಿ ನಾನ." ನಡೆದದ್ದನ್ನೆಲ್ಲ ಹೇಳಿದಳು.

ಮುರಿಗೆಪ್ಪ ತಲೆ ತಗ್ಗಿಸಿ, "ಇಷ್ಟೆಲ್ಲ ಆಗೇತಿ, ನನಗ್ಯಾಕ ಹೇಳಲಿಲ್ಲವ್ವಾ?" ಎಂದ.

"ಹೇಳಿದ್ನಲ್ಲಪ್ಪಾ," ಎಂದಳು ಮಗಳು.

ಅಷ್ಟೇ. ಅವಳು ಕೆಲಸಕ್ಕೆ ಹೊರಟುಹೋದಳು. ಅವನು ಖಾಲಿ ಲೋಟ ಹಿಡಿದು ಕೂತೇ ಇದ್ದ.

ನಗುತ್ತಿದ್ದೀರಿ. ಯಾರನ್ನು ನೋಡಿ? ಮುರಿಗೆಪ್ಪ ಒಬ್ಬನೇ ಏನು? ಮಗನ ಕಂಪನಿ ಎಷ್ಟನೆಯದೆಂದು ಬಾಯಿಪಾಠ ಹೇಳುವ ತಂದೆಯೇ, ಆ ಮಗ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಮಾಡುವುದೇನು, ಹೇಳು ನೋಡೋಣ. ಗೊತ್ತಿಲ್ಲ! ಸೊಸೆ ತರುವ ತಾಯಿಯೇ, ಹುಡುಗಿಯ ಗುಣ ಕೇಳಿದೆಯೋ, ಅವಳ ಕಂಪನಿಯ ನಂಬರು ಕೇಳಿದೆಯೋ? ನಾಚಿಕೆಯಾಗಬೇಕು ನಮಗೆ. ಎಮ್ಮೆ ಕೊಳ್ಳುವಾಗ ಹಿಂಡಿ ನೋಡುತ್ತೇವೆ. ಮಕ್ಕಳನ್ನು ಮಾತ್ರ ಪೇಪರು ಓದಿ ಕಳಿಸಿಬಿಡುತ್ತೇವೆ.

ಇನ್ನು ಮೇಲೆ ಮಕ್ಕಳು ಫೋನು ಮಾಡಿದಾಗ ಸಂಬಳ ಏರಿತೇ, ಹೆಸರು ಬಂತೇ ಎಂದು ಶುರು ಮಾಡಬೇಡಿ. ಇವತ್ತು ಏನು ಕೆಲಸ ಮಾಡಿದೆ, ಮಾಡಬಾರದ್ದನ್ನು ಯಾರಾದರೂ ಮಾಡಿಸಿದರೇ ಎಂದು ಕೇಳಿ. ಕೇಳಿ ಬಾಯಿ ಮುಚ್ಚಿಕೊಳ್ಳಿ, ಅವರು ಮಾತಾಡಲಿ. ಬಂದುಬಿಡಲೇ ಎಂದು ಕೇಳಿದರೆ, ಕದ ತೆರೆದೇ ಇದೆ ಬಾ ಎನ್ನಿ.