ಇಪ್ಪತ್ನಾಲ್ಕು ನಮೂನೆಯ ಲಗ್ನಪತ್ರಿಕೆ

ಕುಷ್ಟಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಮದುಮಗಳ ತಂದೆ ವಿರುಪಣ್ಣ ಮತ್ತು ಪತ್ರಿಕೆ ಅಚ್ಚು ಹಾಕುವ ಮಂಜೂರ ಕುಳಿತಿದ್ದರು.

“ನಾಕೂ ಕಾಕಾಗೋಳು ಕಾರ್ಡಿನ್ಯಾಗ ತಮ್ಮ ಹೆಸರ ಮೊದಲಿರಬೇಕಂತಾರೊ ಮಂಜೂರ. ಇಲ್ಲಂದ್ರ ಲಗ್ನಕ್ಕ ಬರಂಗಿಲ್ಲಂತ.”

“ಚಿಂತಿ ಬಿಡ್ರಿ ಅಣ್ಣಾರ. ನಾಕು ಹೆಸರು ಹಿಂದಮುಂದ ಮಾಡಿದ್ರ ಇಪ್ಪತ್ನಾಕು ನಮೂನಿ ಆಗ್ತಾವ. ಎಲ್ಲಾ ಕಂಪ್ಯೂಟರ್‌ನಾಗ ತಗದೀನಿ. ಒಬ್ಬೊಬ್ಬರು ಆರಾರು ಕಾರ್ಡಿನ್ಯಾಗ ಮೊದಲ ಅದಾರ.”

“ಭಾಳ ಛಲೋ ಆತು. ಮೂಲ್ಯಾಗ ಈ ನಂಬರ್ ಯಾಕ?”

“ಯಾವ ನಮೂನಿನೂ ತಪ್ಪಬಾರದು, ಎರಡು ಸಲ ಬರಬಾರದು ಅಂತ್ರಿ.”

“ಒಂದನೇ ನಂಬರಿನ್ಯಾಗ ಯಾರು ಮೊದಲ?”

“ಅಕ್ಷರದ ಪ್ರಕಾರ ಗಾಳೇಶಪ್ಪ ಕಾಕಾರು.”

“ಎಲ್ಲಾರಿಗಿಂತ ಸಣ್ಣಾಂವ! ಅದಕ್ಕ ಸೊನ್ನಿ ಕೊಟ್ಟು ಮುಂದಿನದಕ್ಕ ಒಂದು ಹಾಕು.”

“ಅದ್ರಾಗೂ ಅವರ ಮೊದಲ್ರಿ. ಶುರುವಿನ ಆರೂ ಅವರದ.”

“ಹಂಗಾರ ಒಬ್ಬೊಬ್ಬರಿಗೂ ತಮ್ಮ ಹೆಸರು ಮೊದಲಿರೋ ಕಾರ್ಡ್ ಕೊಡೋಣು. ನಾಕರ ಮ್ಯಾಲೂ ಒಂದನೇ ನಂಬರ್ ಹಾಕು.”

“ನಾಕೂ ಮಂದಿ ದಿನಾ ಒಂದ ಕಟ್ಟಿ ಮ್ಯಾಲ ಕುಂದರ್ತಾರಲ್ರಿ, ಕಾರ್ಡ್ ಹೋಲಿಸಿ ನೋಡಿದ್ರ?”

ಕನಕಗಿರಿಯ ಬಸ್ ಬಂದಿತು. ವಿರುಪಣ್ಣ ಚೀಲವನ್ನು ಹೆಗಲಿಗೇರಿಸಿ ಬಾಗಿಲಿನತ್ತ ನಡೆದ, ಮಂಜೂರ ಹಿಂಬಾಲಿಸಿದ.

“ಎಲ್ಲಾ ಅಚ್ಚು ಹಾಕಿಡು. ಲಗ್ನದ ಮರುದಿನ ಹಂಚೋಣು.”