ಬೋರಮ್ಮನ ಮೊಮ್ಮಗಳ ತೋಳು

“ನನ್ ಮೊಮ್ಮಗಳು ಯೋಗಿತಾ ಎರಡು ಮೂಟೆ ಕೊಬ್ಬರಿನ ಒಂದೇ ಕೈಲಿ ಎತ್ತಾಳೆ ಕಣವ್ವ!”

ತಿಪಟೂರು ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಬೋರಮ್ಮ ಪಕ್ಕದ ಮೀನಾಕ್ಷಮ್ಮನಿಗೆ ಹೇಳಿದಳು.

“ಸುಳ್ಳು!”

“ಅರ್ಧ ಸುಳ್ಳು ಬುಡು. ಒಂದು ಮೂಟೆ, ಎರಡು ಕೈ.”

“ಜಿಮ್ಮಿಗೋಗಿ ತೋಳು ಗಂಡಸಿನಂಗಾಗವೆ.”

“ಗಂಡಸ್ರಿಗೆಲ್ಲೈತೆ ಅಂಥ ತೋಳು? ತೆಂಗಿನ ಬೊಡ್ಡೆ ಅವು!”

“ಹೆಣ್ಣು ನೋಡಾಕೆ ಬಂದೋರು ಏನಂದ್ರು?”

“ಭಾರ ಎತ್ತೋದು ಬಿಟ್ರೆ ಮದುವೆ ಅಂದ್ಲು ಗಂಡಿನ ತಾಯಿ. ಇವಳು ಬಿಡಲ್ಲ ಅಂದ್ಲು.”

“ಅಯ್ಯೋ, ಕೆಡಿಸ್ಕಂಡ್ಲು!”

“ಕೇಳಿಲ್ಲಿ. ಆಯಮ್ಮ ಸಿಟ್ಟಲ್ಲಿ ಹೊರಡಾನ ಅಂದ್ರೆ, ಮಂಡಿ ಹಿಡ್ಕಂಡು ಚಾಪೆಯಿಂದ ಏಳಾಕೇ ಆಗ್ಲಿಲ್ಲ. ಯೋಗಿತಾನೇ ಕೂಸಿನಂಗೆ ಎತ್ಕಂಡೋಗಿ ಕಾರಲ್ಲಿ ಕೂರಿಸಿದ್ಲು.”

“ಆಮೇಲೆ?”

ಕಂದಿಕೆರೆ ಬಸ್ ಬಂತು. ಬೋರಮ್ಮ ಮೆಟ್ಟಿಲು ಹತ್ತಿ, ತಿರುಗಿ ನಕ್ಕಳು.

“ಕಾರಿಂದ ತಲೆ ಆಚೆ ಹಾಕಿ ನಮ್ಮ ಹೊಸ ಬೀಗಿತ್ತಿ ಏನಂದ್ಲು, ನೀನೇ ಹೇಳು ನೋಡಾನ!”