ಟಾಬ್ಸ್ ಹೊಲದ ಆರು ಕಂಬದ ಗುಳಿಗಳು

ಹೆಸರು: ಎಮೆಟ್ ಟಲ್. ವಯಸ್ಸು: 59. ವೃತ್ತಿ: ಗುಂಡಿ ತೋಡುವುದು, ಸಂಬಳದ ಚೀಟಿಯಲ್ಲಿ ಇದಕ್ಕೆ ಪುರಾತತ್ವ ಎಂದಿದೆ. ವಾಸ: ಟಾಬ್ಸ್ ಕ್ರೀಕ್ ರಸ್ತೆ, ಮೇರಿಲ್ಯಾಂಡ್.

ಈ ಮೂಲಕ ತಪ್ಪೊಪ್ಪಿಕೊಂಡು ತಿಳಿಸುವುದೇನೆಂದರೆ, ಬುಲ್‌ಡೋಜರಿನ ಕೀಲಿ ಕದ್ದವನು ನಾನೇ. ಕದ್ದದ್ದನ್ನು ಬಚ್ಚಿಟ್ಟಿಲ್ಲ. ನಿಯಮದಂತೆ ಚೀಲಕ್ಕೆ ಹಾಕಿ, ‘ಸಂಖ್ಯೆ 214, ಕಬ್ಬಿಣ, ಉಪಯೋಗ ತಿಳಿಯದು’ ಎಂದು ಬರೆದು, ಹಳೆಯ ಮೊಳೆಗಳ ಜೊತೆ ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ಅಲ್ಲಿ ಸರದಿ ಬರಲು ಹದಿನಾಲ್ಕು ತಿಂಗಳು ಹಿಡಿಯುತ್ತದೆ.

ಆ ಹೊಲ ನನ್ನ ಹೆಂಡತಿ ಲೆಟಿಯ ತವರಿನದು. ಮಾವನವರ ನಂತರ ಮಾರಾಟವಾಗಿ ಗೋದಾಮು ಕಟ್ಟುವವರ ಪಾಲಾಯಿತು. ಲೆಟಿ ಕಳೆದ ಮಾರ್ಚ್ 3ರಂದು ತೀರಿಕೊಂಡಳು. ದಿನಾಂಕ 12-10-2023ರ ಗುರುವಾರ ಮಧ್ಯಾಹ್ನ 12ರೊಳಗೆ ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಬಂದ ಮೊದಲ ವಲಸಿಗರ ಒಂದು ಮನೆಯನ್ನಾದರೂ ತೋರಿಸಿದರೆ ನೆಲ ಸಮ ಮಾಡುವುದನ್ನು ತೊಂಬತ್ತು ದಿನ ನಿಲ್ಲಿಸುವುದಾಗಿ ಕೌಂಟಿಯ ಪರೀಕ್ಷಕರು ತಿಳಿಸಿದ್ದರು.

ಬೆಳಿಗ್ಗೆ 7-40ಕ್ಕೆ ಮೇಲ್ಮಣ್ಣು ಕೆರೆದಾಗ ಆರು ಕಪ್ಪು ವೃತ್ತಗಳು ಮೂರರಂತೆ ಎರಡು ಸಾಲಾಗಿ ಕಂಡವು. ಒಂದರಿಂದ ಒಂದಕ್ಕೆ ಸರಿಯಾಗಿ ಹತ್ತಡಿ. ಆ ಕಾಲದ ಹೊಗೆಸೊಪ್ಪಿನ ರೈತರು ತಳಪಾಯವಿಲ್ಲದೆ ಕಂಬ ನೆಟ್ಟು ಮನೆ ಕಟ್ಟುತ್ತಿದ್ದರು. ಕಂಬ ಕೊಳೆತರೂ ಕಲೆ ಉಳಿಯುತ್ತದೆ. ಇದು 1640ರ ಮನೆ ಎಂದು ನೋಡಿದ ಕೂಡಲೇ ಬರೆದುಕೊಂಡೆ. ಮೂವತ್ತೊಂದು ವರ್ಷಗಳಲ್ಲಿ ಮಣ್ಣು ತನ್ನ ವಯಸ್ಸಿನ ಬಗ್ಗೆ ನನಗೆ ಸುಳ್ಳು ಹೇಳಿದ್ದಿಲ್ಲ.

8-15ಕ್ಕೆ ಬುಲ್‌ಡೋಜರ್ ಚಾಲಕ ಡ್ಯಾರೆಲ್ ಪಂಫ್ರಿ ಬಂದು, “ಮೇಷ್ಟ್ರೇ, ಬರೀ ಕಲೆ ನೋಡಿ ಮನೆ ಅಂತೀರಲ್ಲ, ನನ್ನ ಅಂಗೀಲೂ ನಾಲ್ಕಿದೆ. ಒಂದು ಬೀದಿ ಅಂತ ಬರ್ಕೊಳ್ಳಿ” ಎಂದನು. ಅವು ಕಾಫಿಯ ಕಲೆಗಳೆಂದೂ ಈ ವಾರದವೆಂದೂ ತಿಳಿಸಿದೆ. ಆತ ಇನ್ನೊಂದು ಕಲೆಯ ಏರ್ಪಾಡಿಗಾಗಿ ನಲವತ್ತಡಿ ದೂರ ಕಾಫಿ ತರಲು ಹೋದನು. 8-22ಕ್ಕೆ ಬುಲ್‌ಡೋಜರಿನಿಂದ ಕೀಲಿ ತೆಗೆದುಕೊಂಡೆ. 8-40ಕ್ಕೆ ಪ್ರಯೋಗಾಲಯದ ವ್ಯಾನು ಹೊರಟಿತು.

9-10ಕ್ಕೆ ಬಂದ ಪೊಲೀಸ್ ಅಧಿಕಾರಿ ಬೆವರ್ಲಿ ಕ್ರೌಡರ್, “ಎಮೆಟ್, ಕೀಲಿ ಕೊಟ್ಬಿಡಪ್ಪಾ. ಲೆಟಿ ಇದ್ದಿದ್ರೆ ಕಿವಿ ಹಿಂಡ್ತಿದ್ಲು” ಎಂದರು. ಅವಳು ಇಲ್ಲವೆಂದು ತಿಳಿಸಿದೆ. ಅವರು ಪುಸ್ತಕದಲ್ಲಿ ಸಮಯ ಬರೆದುಕೊಂಡರು.

11-05ಕ್ಕೆ ಪರೀಕ್ಷಕರ ಸೂಚನೆಯಂತೆ ಆರನೆಯ ಗುಳಿಯನ್ನು ಒಳಗಿನ ಮಣ್ಣು ಕಾಣುವಂತೆ ಅರ್ಧಕ್ಕೆ ಕೊಯ್ದೆ. ಎರಡಡಿ ಆಳದಲ್ಲಿ ನೀಲಿ ಪ್ಲಾಸ್ಟಿಕ್ ಹಗ್ಗದ ತುಂಡು ಸಿಕ್ಕಿತು. ಅದಕ್ಕೆ ಒಂದರ ಮೇಲೊಂದು ಮೂರು ಗಂಟು ಹಾಕಿತ್ತು. ಹಾಗೆ ಗಂಟು ಹಾಕುವವನು ಈ ಕೌಂಟಿಯಲ್ಲಿ ಒಬ್ಬನೇ. ಯಾರದೆಂದು ಪರೀಕ್ಷಕರು ಕೇಳಿದಾಗ ತಿಳಿಯದು ಎಂದೆ. ಅವರು ಇದು ಹಳೆಯ ಮನೆಯಲ್ಲ, ಕೆಲಸಕ್ಕೆ ತಡೆಯಿಲ್ಲ ಎಂದು ಬರೆದು 11-40ಕ್ಕೆ ಹೊರಟರು. ಬದಲಿ ಕೀಲಿ ಸೋಮವಾರ ಬರುವುದಂತೆ.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ, ಸರಿಯಿದೆ. ಆದರೆ ಮನೆಯ ಕಾಲ 1640 ಎಂದಿರುವುದನ್ನು 14-9-1991, ಶನಿವಾರ ಎಂದು ತಿದ್ದಿಕೊಳ್ಳಬೇಕು. ಅದು ನಮ್ಮ ಮದುವೆಯ ಚಪ್ಪರ. ಆರೂ ಗುಳಿಗಳನ್ನು ತೋಡಿದವನು ನಾನೇ. ಚಪ್ಪರ ಹೊಳೆಯ ಪಕ್ಕದಲ್ಲಿತ್ತು ಎಂದುಕೊಂಡಿದ್ದೆ. ಯಾವುದು ಎಲ್ಲಿತ್ತು ಎಂಬುದು ಲೆಟಿಗೆ ಗೊತ್ತಿರುತ್ತಿತ್ತು.

ಸ್ಥಳ: ಟಾಬ್ಸ್ ಕ್ರೀಕ್ ಠಾಣೆ
ದಿನಾಂಕ: 12-10-2023
ಸಹಿ: ಎಮೆಟ್ ಟಲ್